50 ಮೆಗಾವ್ಯಾಟ್ ಸೋಲಾರ್ ಪ್ಲಾಂಟ್ ಹಾಕೋದು ಹೇಗೆ? ಪಹಣಿಯಿಂದ ಶುರು ಮಾಡಿ

ಸೋಲಾರ್ ಪ್ಲಾಂಟ್ ಅಂದ ತಕ್ಷಣ ಎಲ್ರೂ ಕೇಳೋದು ಪ್ಯಾನೆಲ್ ಯಾವ ಕಂಪನಿದು, ರೇಟ್ ಎಷ್ಟು ಅಂತ. ಪ್ಯಾನೆಲ್ ದುಡ್ಡು ಕೊಟ್ರೆ ಲಾರೀಲಿ ಬಂದು ಇಳಿಯತ್ತೆ, ಜಮೀನು ಹಾಗೆ ಬರಲ್ಲ. ಹಾಗಾಗಿ ಮೊದ್ಲು ಜಮೀನಿನ ವಿಷ್ಯ.

50 ಮೆಗಾವ್ಯಾಟಿಗೆ 250ರಿಂದ 300 ಎಕರೆ ಬೇಕು, ಅದೂ ಒಂದೇ ಕಡೆ. ಪಹಣಿ ತೆಗೆಸಿ ನೋಡಿದ್ರೆ ಅರ್ಧಕ್ಕರ್ಧ ಇನ್ನೂ ತಾತನ ಹೆಸರಲ್ಲೇ ಇರತ್ತೆ, ಪೌತಿ ಖಾತೆ (ತೀರಿಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಆಗಿರಲ್ಲ, ಪೋಡಿ (ಅಳತೆ ಮಾಡಿ ಪಾಲು ಬೇರ್ಪಡಿಸೋದು) ಆಗಿರಲ್ಲ, ಅಣ್ಣತಮ್ಮಂದಿರ ಮಧ್ಯೆ ಬದು ತಕರಾರು ಬೇರೆ. ಇದನ್ನೆಲ್ಲ ಸರಿ ಮಾಡ್ಕೊಳ್ಳೋಕೇ ತಿಂಗಳುಗಟ್ಟಲೆ ಬೇಕು, ಅವಸರ ಮಾಡ್ಬೇಡಿ. ಮಾದರಿ ಬೇಕಂದ್ರೆ ತುಮಕೂರು ಜಿಲ್ಲೆಯ ನಮ್ಮ ಪಾವಗಡನೇ ಇದೆ. ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ 5 ಊರುಗಳ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಪಾರ್ಕ್ ಆಗಿದೆ, ರೈತರ ಜಮೀನನ್ನ ಕೊಂಡ್ಕೊಳ್ದೆ ಗುತ್ತಿಗೆಗೆ ತಗೊಂಡ್ರು, ಎಕರೆಗೆ ವರ್ಷಕ್ಕೆ 21,000 ರೂಪಾಯಿ, 2 ವರ್ಷಕ್ಕೊಮ್ಮೆ 5 ಪರ್ಸೆಂಟ್ ಏರಿಕೆ. ಮಳೆ ನಂಬ್ಕೊಂಡು ಕಡ್ಲೆಕಾಯಿ ಹಾಕಿ ಕೈಸುಟ್ಕೊಂಡಿದ್ದ ರೈತನಿಗೆ ಅದು ಆಸರೆನೇ. ಆದ್ರೆ ಆ ಹೊಲದಲ್ಲಿ ಕಳೆ ತೆಗೆಯೋಕೆ, ಕಾಯಿ ಬಿಡಿಸೋಕೆ ಹೋಗ್ತಿದ್ದ ಕೂಲಿಯೋರಿಗೆ ಪಹಣಿ ಇಲ್ಲ, ಬಾಡಿಗೆನೂ ಇಲ್ಲ. ಪ್ಲಾಂಟ್ ಹಾಕೋರು ಇದನ್ನ ಮೊದಲ ದಿನವೇ ಯೋಚಿಸ್ಬೇಕು, ಪ್ಯಾನೆಲ್ ತೊಳೆಯೋದು, ಹುಲ್ಲು ಕೊಯ್ಯೋದು, ಕಾವಲು ಕೆಲಸ ಆ ಮನೆಗಳಿಗೇ ಅಂತ ಕಾಂಟ್ರಾಕ್ಟಲ್ಲೇ ಬರೆಸ್ಬೇಕು.

ಜಮೀನಿನ ಜೊತೆಜೊತೆಗೇ ಲೈನ್ ನೋಡಿ. ಹತ್ರದ ಸಬ್‌ಸ್ಟೇಷನ್ ಎಷ್ಟು ದೂರ, ಅಲ್ಲಿ ನಿಮ್ಮ ಕರೆಂಟ್ ತಗೊಳ್ಳೋ ಜಾಗ ಇದ್ಯಾ, ಟವರ್ ಯಾರ ಹೊಲದ ಮೇಲೆ ಹೋಗತ್ತೆ. ಪ್ಲಾಂಟ್ ರೆಡಿಯಾಗಿ ಲೈನ್ ಆಗ್ಲಿಲ್ಲ ಅಂದ್ರೆ ಬಿಸಿಲು ಬಂದು ಹೋಗ್ತಾ ಇರತ್ತೆ, ಬ್ಯಾಂಕ್ ಬಡ್ಡಿ ಮಾತ್ರ ನಿಲ್ಲಲ್ಲ. ಪಾವಗಡದಲ್ಲೂ ಒಂದೇ ಸಲಕ್ಕೆ ಎಲ್ಲ ಆಗಿಲ್ಲ, 2018ರ ಜನವರಿಲಿ ಮೊದಲ 600 ಮೆಗಾವ್ಯಾಟ್ ಗ್ರಿಡ್ಡಿಗೆ ಸೇರಿತು, ಪೂರ್ತಿ ಆಗಿದ್ದು 2019ರ ಡಿಸೆಂಬರಲ್ಲಿ.

ಆಮೇಲೆ ಸರ್ವೆ, ಮಣ್ಣು ಪರೀಕ್ಷೆ. ಪ್ಯಾನೆಲ್ ಕೂರಿಸೋ ಕಂಬ ಒಂದೆರಡು ನೆಟ್ಟು ಎಳೆದು ನೋಡ್ತಾರೆ, ಆಷಾಢದ ಗಾಳಿಗೆ ಕಿತ್ಕೊಂಡು ಬರ್ಬಾರ್ದು ಅಂತ. ಮಳೆ ನೀರು ಹರಿಯೋ ಹಳ್ಳ ಮುಚ್ಚಬೇಡಿ, ಮುಚ್ಚಿದ್ರೆ ಒಂದೇ ಮಳೆಗೆ ರೋಡ್ ಕೊಚ್ಕೊಂಡು ಹೋಗತ್ತೆ.

ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ, ಓರೆ ಹೆಚ್ಚುಕಮ್ಮಿ ನಿಮ್ಮೂರಿನ ಅಕ್ಷಾಂಶದಷ್ಟು. ಪಾವಗಡ 14 ಡಿಗ್ರಿ. ಮೇಯಿಂದ ಆಗಸ್ಟ್ ಮೊದಲ ಭಾಗದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೇ ಇರ್ತಾನೆ, ಆದ್ರೂ ವರ್ಷದ ಲೆಕ್ಕ ಹಾಕಿದ್ರೆ ದಕ್ಷಿಣನೇ ಲಾಭ. 50 ಮೆಗಾವ್ಯಾಟಿಗೆ ಪ್ಯಾನೆಲ್ 70 ಮೆಗಾವ್ಯಾಟಷ್ಟು ಹಾಕೋದು ರೂಢಿ, ಯಾಕಂದ್ರೆ ಪ್ಯಾನೆಲ್ ಮೇಲೆ ಬರೆದಿರೋ ವ್ಯಾಟ್ 25 ಡಿಗ್ರಿ ಶಾಖದ್ದು, ನಮ್ಮ ಬೇಸಿಗೆಲಿ ಗಾಜು 60 ದಾಟತ್ತೆ, ಒಂದೊಂದು ಡಿಗ್ರಿಗೂ ಸುಮಾರು 0.35 ಪರ್ಸೆಂಟ್ ಕರೆಂಟ್ ಕಮ್ಮಿ ಆಗ್ತಾ ಹೋಗತ್ತೆ. ಬಿಸಿಲು ಜಾಸ್ತಿ ಇದ್ರೆ ಕರೆಂಟೂ ಜಾಸ್ತಿ ಅನ್ನೋದು ಪೂರ್ತಿ ನಿಜ ಅಲ್ಲ. 540 ವ್ಯಾಟಿನ ಪ್ಯಾನೆಲ್ ಆದ್ರೆ ಸುಮಾರು 1 ಲಕ್ಷ 30 ಸಾವಿರ ಬೇಕಾಗತ್ತೆ, 28 ಪ್ಯಾನೆಲ್ ಸಾಲಾಗಿ ಸೇರಿಸಿದ್ರೆ ಒಂದು ಸ್ಟ್ರಿಂಗ್, ಸ್ಟ್ರಿಂಗ್‌ಗಳೆಲ್ಲ ಒಟ್ಟು ಸೇರೋ ಕಾಂಬೈನರ್ ಬಾಕ್ಸಿಗೆ, ಅಲ್ಲಿಂದ ಡಿಸಿನ ಎಸಿ ಮಾಡೋ ಇನ್ವರ್ಟರಿಗೆ, ಟ್ರಾನ್ಸ್‌ಫಾರ್ಮರಲ್ಲಿ 33 ಕೆವಿ ಆಗಿ ಸಬ್‌ಸ್ಟೇಷನ್ನಿಗೆ.

ಈ ಕೆಲಸದಲ್ಲಿ ತುಂಬಾ ಚಿಕ್ಕದು ಅನ್ಸೋದು ಪ್ಯಾನೆಲ್ ವೈರುಗಳನ್ನ ಒಂದಕ್ಕೊಂದು ಜೋಡಿಸೋ ಎಂಸಿ4 ಕನೆಕ್ಟರ್, ಬೆರಳುದ್ದ ಇರತ್ತೆ ಅಷ್ಟೇ. ನಾನಿದ್ದ ಒಂದು ಸೈಟಲ್ಲಿ ಒಂದು ಸ್ಟ್ರಿಂಗ್ ಜೀರೋ ತೋರಿಸ್ತಿತ್ತು, ಹೋಗಿ ಬಗ್ಗಿ ನೋಡಿದ್ರೆ ಪ್ಯಾನೆಲ್ ಹಿಂದೆ ಕನೆಕ್ಟರ್ ಕರಗಿ ಕರೀ ಬೆಲ್ಲದುಂಡೆ ಥರ ಆಗಿತ್ತು, ಕೆಳಗಡೆ ಒಣಹುಲ್ಲು ಮೊಣಕಾಲುದ್ದ. ಕ್ರಿಂಪಿಂಗ್, ಅಂದ್ರೆ ವೈರಿನ ತುದಿಗೆ ಲೋಹದ ಪಿನ್ ಒತ್ತಿ ಕೂರಿಸೋದು, ಸರಿಯಾಗಿ ಮಾಡದೆ ಲೂಸ್ ಬಿಟ್ಟಿದ್ರು. ಆ ಹುಲ್ಲಿಗೆ ಒಂದು ಕಿಡಿ ಬಿದ್ದಿದ್ರೆ ಇಡೀ ಸಾಲು ಹೋಗ್ತಿತ್ತು. ದಯವಿಟ್ಟು ಬಿಸಿಲಿದ್ದಾಗ, ಲೋಡ್ ಇದ್ದಾಗ ಇದನ್ನ ಎಳೀಬೇಡಿ, ಮೊದ್ಲು ಇನ್ವರ್ಟರ್ ಆಫ್ ಮಾಡಿ ಕಾಂಬೈನರ್ ಬಾಕ್ಸಲ್ಲಿ ಐಸೊಲೇಟರ್ ಸ್ವಿಚ್ಚೂ ಆಫ್ ಮಾಡಿ. ಡಿಸಿ ಕರೆಂಟ್, 1,000 ವೋಲ್ಟಿಗೂ ಮೇಲೆ, ಎಳೆದಾಗ ಹತ್ತೋ ಕಿಡಿ ಸುಲಭಕ್ಕೆ ಆರಲ್ಲ, ಪ್ರಾಣಕ್ಕೇ ಅಪಾಯ.

ಓಡಿಸೋದು ಬೇರೆ ಕಥೆ. ದಿನಕ್ಕೆ 15 ನಿಮಿಷದ 96 ಬ್ಲಾಕು, ಒಂದೊಂದರಲ್ಲೂ ಎಷ್ಟು ಕರೆಂಟ್ ಕೊಡ್ತೀವಿ ಅಂತ ಗ್ರಿಡ್ ನೋಡ್ಕೊಳ್ಳೋರಿಗೆ ಮುಂಚೆನೇ ಹೇಳ್ಬೇಕು, ಮೋಡ ಬಂದು ಲೆಕ್ಕ ತಪ್ಪಿ ಮಿತಿ ದಾಟಿದ್ರೆ ದಂಡ ಕಟ್ಬೇಕು. ಇನ್ನು ಧೂಳು. ಒಂದು ಪ್ಯಾನೆಲ್ಲಿಗೆ 2 ಲೀಟರ್ ಅಂದ್ರೂ ಒಂದು ಸುತ್ತು ತೊಳೆಯೋಕೆ 2 ಲಕ್ಷ 60 ಸಾವಿರ ಲೀಟರ್, 5,000 ಲೀಟರಿನ ಟ್ಯಾಂಕರ್ 52 ಲೋಡು. ಕುಡಿಯೋ ನೀರಿಗೇ ಬಿಂದಿಗೆ ಸಾಲು ಇಡೋ ಊರಲ್ಲಿ ಇಷ್ಟು ನೀರು ಎಲ್ಲಿಂದ ತರ್ತೀರಿ? ನನ್ನ ಪ್ರಕಾರ ಬರದ ಸೀಮೆಯಲ್ಲಿ ನೀರಿಲ್ಲದೆ ಒರೆಸೋ ಬ್ರಷ್ ಮಷಿನ್ ಖರ್ಚನ್ನ ಶುರುವಲ್ಲೇ ಬಜೆಟ್ಟಿಗೆ ಸೇರಿಸ್ಬೇಕು. ನೀರಲ್ಲಿ ತೊಳೆಯೋದೇ ಆದ್ರೆ ಬೆಳಗಿನ ಜಾವ ಅಥ್ವಾ ಹೊತ್ತು ಮುಳುಗಿದ ಮೇಲೆ, ಕಾದ ಗಾಜಿಗೆ ತಣ್ಣೀರು ಬಿದ್ರೆ ಸೀಳು ಬಿಡಬಹುದು. ಹಕ್ಕಿ ಹಿಕ್ಕೆ ಕಂಡ್ರೆ ನಾಳೆ ಅನ್ಬೇಡಿ, ಆ ನೆರಳು ಬಿದ್ದ ಜಾಗ ಕಾದು ಕಾದು ಪ್ಯಾನೆಲ್ಲೇ ಸುಡತ್ತೆ.

ಹುಲ್ಲಿಗೆ ಊರಿನ ಕುರಿಯೋರನ್ನ ಕರೀರಿ, ಅವ್ರ ಮೇವಿನ ಜಾಗನೇ ತಾನೇ ನೀವು ಬೇಲಿ ಹಾಕಿದ್ದು. ಪ್ಯಾನೆಲ್ಲಿನ ಕೆಳ ಅಂಚು ಕುರಿ ಬೆನ್ನಿಗೆ ತಾಗದಷ್ಟು ಎತ್ತರ ಇರ್ಲಿ ಅಂತ ಡ್ರಾಯಿಂಗ್ ಮಾಡುವಾಗ್ಲೇ ಹೇಳ್ಬಿಡಿ. ಮೇಕೆ ಮಾತ್ರ ಬೇಡ, ಪ್ಯಾನೆಲ್ ಮೇಲೆ ಹತ್ತತ್ವೆ, ಕೇಬಲ್ಲೂ ಕಡೀತ್ವೆ.