ಏರ್‌ಪೋರ್ಟ್ ಪಕ್ಕದ ದೇವನಹಳ್ಳಿಲಿ ಬಂದೋರು ಮೂರು ಗಂಟೆ ನಿಲ್ಲೋ ಹಾಗೆ ಮಾಡೋದು ಹೇಗೆ

ಒಂದಿನ ಬೆಳಿಗ್ಗೆ ಎಂಟು ಗಂಟೆ ಇರಬಹುದು, ಬಸ್ ಸ್ಟ್ಯಾಂಡ್ ಹತ್ರ ಟೀ ಕುಡೀತಾ ನಿಂತಿದ್ದೆ, ಗಂಡ ಹೆಂಡ್ತಿ ಇಬ್ರು ದೊಡ್ಡ ದೊಡ್ಡ ಸೂಟ್‌ಕೇಸ್ ಎಳ್ಕೊಂಡು ಬಂದು ಕೋಟೆ ಎಲ್ಲಿ ಅಂತ ಕೇಳಿದ್ರು. ಹುಬ್ಬಳ್ಳಿ ಕಡೆಯೋರು, ಫ್ಲೈಟ್ ಇದ್ದಿದ್ದು ಮಧ್ಯಾಹ್ನ. ದಾರಿ ತೋರಿಸಿದೆ, ಆಮೇಲೆ ಮೂರು ಪ್ರಶ್ನೆ ಕೇಳಿದ್ರು: ಲಗೇಜ್ ಎಲ್ಲಿ ಇಡಬಹುದು, ಟಾಯ್ಲೆಟ್ ಎಲ್ಲಿದೆ, ಇಲ್ಲಿಂದ ಏರ್‌ಪೋರ್ಟ್‌ಗೆ ವಾಪಸ್ ಹೋಗೋಕೆ ಬಸ್ಸು ಎಷ್ಟೊತ್ತಿಗೆ. ಹುಟ್ಟಿದಾಗಿಂದ ಇದೇ ಊರಲ್ಲಿ ಇದೀನಿ, ಮೂರಕ್ಕೂ ನನ್ನ ಹತ್ರ ಉತ್ತರ ಇರ್ಲಿಲ್ಲ. ಕೊನೆಗೆ ಫ್ರೆಂಡ್ ಜೆರಾಕ್ಸ್ ಅಂಗಡಿಲಿ ಸೂಟ್‌ಕೇಸ್ ಇಡ್ಸಿದೆ, ಆ ಫ್ರೆಂಡ್ ಮನೆ ಬಾತ್‌ರೂಮೇ ತೋರಿಸಿದ್ವಿ, ಅವರು ಕೋಟೆ ಗೋಡೆ ಮೇಲೆ ಒಂದು ಗಂಟೆ ಓಡಾಡಿ ಇಷ್ಟು ಹತ್ರ ಇಂಥದ್ದು ಇದೆ ಅಂತ ಯಾರೂ ಹೇಳೇ ಇಲ್ವಲ್ಲ ಅಂತ ಖುಷಿಯಾಗಿ ಹೋದ್ರು.

ಅವತ್ತಿಂದ ನನ್ನ ತಲೇಲಿ ಕೂತಿರೋದು ಇಷ್ಟೇ. ನಮ್ಮೂರನ್ನ ಸಿಂಗಾಪುರ ಮಾಡೋದು ಬೇಡ, ಆ ಮೂರು ಪ್ರಶ್ನೆಗೆ ಉತ್ತರ ಇದ್ರೆ ಸಾಕು, ಮಿಕ್ಕಿದ್ದು ತಾನೇ ಹಿಂದೆ ಬರುತ್ತೆ. 2008ರ ಮೇ ತಿಂಗಳಲ್ಲಿ ಏರ್‌ಪೋರ್ಟ್ ಶುರುವಾಯ್ತು, 2022ರ ನವೆಂಬರ್‌ನಲ್ಲಿ ಟರ್ಮಿನಲ್ 2 ಮತ್ತೆ 108 ಅಡಿ ಕೆಂಪೇಗೌಡರ ಪ್ರತಿಮೆ ಉದ್ಘಾಟನೆ ಆಯ್ತು, ಈಗ ವರ್ಷಕ್ಕೆ 4 ಕೋಟಿಗೂ ಜಾಸ್ತಿ ಜನ ಅಲ್ಲಿ ಹತ್ತಿ ಇಳೀತಾರೆ. ಅದರಲ್ಲಿ ಸಾವಿರಕ್ಕೆ ಒಬ್ರು ನಮ್ಮೂರಿಗೆ ಬಂದ್ರೂ ವರ್ಷಕ್ಕೆ 40 ಸಾವಿರ ಜನ ಆಯ್ತು, ಲೆಕ್ಕ ಹಾಕ್ಕೊಳ್ಳಿ. ಆದ್ರೆ ಹೈವೇಲಿ ಹೋಗೋರಿಗೆ ದೇವನಹಳ್ಳಿ ಅಂದ್ರೆ ಬರೀ ಒಂದು ಬೋರ್ಡು.

ಮೊದಲು ಯಾರು ಬರ್ತಾರೆ ಅಂತ ತಿಳ್ಕೊಳ್ಳಿ. ಟೂರಿಸ್ಟ್ ಅಂದ ತಕ್ಷಣ ಕ್ಯಾಮೆರಾ ಹಾಕ್ಕೊಂಡಿರೋ ಫಾರಿನರ್ಸ್ ನೆನಪಾಗ್ತಾರೆ, ನಮಗೆ ಸಿಗೋರು ಅವರಲ್ಲ. ಬೆಳಗಿನ ಜಾವ ಇಳಿದು ಹೋಟೆಲ್ ಚೆಕ್‌ಇನ್ ಮಧ್ಯಾಹ್ನ ಅಂತ ಕಾಯ್ತಿರೋರು ಒಂದು ಕಡೆ, ದೂರದ ಊರಿಂದ ರಾತ್ರಿ ಬಸ್ಸಲ್ಲಿ ಬಂದು ಫ್ಲೈಟ್‌ಗೆ ಇನ್ನೂ ಐದಾರು ಗಂಟೆ ಇರೋರು ಇನ್ನೊಂದು ಕಡೆ. ಆಮೇಲೆ ಯಾರೂ ಲೆಕ್ಕಕ್ಕೆ ತಗೊಳ್ದೇ ಇರೋರು ಅಂದ್ರೆ ಬಿಡೋಕೆ ಬರೋ ಜನ. ಕೋಲಾರ, ಚಿಂತಾಮಣಿ, ತುಮಕೂರು ಕಡೆಯಿಂದ ಒಬ್ಬ ಹುಡುಗ ಅಮೆರಿಕಾಗೆ ಹೊರಟ್ರೆ ಟೆಂಪೋ ಟ್ರಾವೆಲರ್ ತುಂಬಾ ಅಜ್ಜಿ, ಅತ್ತೆ, ಮಕ್ಕಳು ಎಲ್ಲಾ ಬರ್ತಾರೆ, ಅವನು ಗೇಟ್ ಒಳಗೆ ಹೋದ್ಮೇಲೆ ಕಣ್ಣೊರೆಸ್ಕೊಂಡು ಎಲ್ಲಿ ಹೋಗೋದು ಅಂತ ಗೊತ್ತಾಗಲ್ಲ. ಊಟದ ಹೊತ್ತಲ್ಲಿ ಅವರಿಗೆ ಬಿಸಿ ಮುದ್ದೆ ಬಸ್ಸಾರು ಸಿಗೋ ಜಾಗ, ಮಕ್ಕಳು ಓಡಾಡೋಕೆ ಒಂದು ಕೋಟೆ ಅಂದ್ರೆ ನಿಜವಾಗ್ಲೂ ಬೇಕಾಗಿರೋದು. ನಂದಿ ಬೆಟ್ಟಕ್ಕೆ ಹೋಗೋರು ಬೇರೆ ಇದ್ದೇ ಇದಾರೆ, ಸೂರ್ಯ ಹುಟ್ಟೋದು ನೋಡಿ ವಾಪಸ್ ಬರುವಾಗ ಹೊಟ್ಟೆ ಹಸಿದಿರುತ್ತೆ, ಗಾಡಿ ಹೇಗಿದ್ರೂ ನಮ್ಮೂರ ಪಕ್ಕದಲ್ಲೇ ಪಾಸ್ ಆಗುತ್ತೆ.

ಇನ್ನು ಕೆಲಸ. ಒಂದು ಭಾನುವಾರ ಮನೇಲಿರೋ ದೊಡ್ಡ ಸೂಟ್‌ಕೇಸ್‌ಗೆ ಬಟ್ಟೆ ತುಂಬಿ, ಬಸ್ ಸ್ಟ್ಯಾಂಡಿಂದ ಕೋಟೆ ಹೆಬ್ಬಾಗಿಲ ತನಕ ನೀವೇ ಎಳ್ಕೊಂಡು ಹೋಗಿ. ಜೊತೇಲಿ ವಯಸ್ಸಾದ ಒಬ್ರನ್ನ ಕರ್ಕೊಂಡು ಹೋಗಿ, ಆಮೇಲೆ ಊರಿಗೆ ಹೊಸಬ್ರು ಒಬ್ರು ಇದ್ರೆ ಇನ್ನೂ ಒಳ್ಳೇದು. ಎಲ್ಲಿ ಚಕ್ರ ಸಿಕ್ಕಾಕ್ಕೊಳ್ತು, ಎಲ್ಲಿ ಚರಂಡಿ ಚಪ್ಪಡಿ ಮುರಿದಿದೆ, ಎಲ್ಲಿ ಕಸ ಬಿದ್ದು ಮೂಗು ಮುಚ್ಕೊಂಡ್ರಿ, ಎಲ್ಲಿ ಯಾವ ಕಡೆ ತಿರುಗ್ಬೇಕು ಅಂತ ಗೊತ್ತಾಗ್ಲಿಲ್ಲ, ಪ್ರತಿಯೊಂದಕ್ಕೂ ಫೋಟೋ ತೆಗೀರಿ, ಯಾವ ಅಂಗಡಿ ಮುಂದೆ ಅಂತ ಬರ್ಕೊಳ್ಳಿ. ಈ ಪಟ್ಟಿ ತುಂಬಾ ಮುಖ್ಯ, ಯಾಕಂದ್ರೆ ಊರು ಅಭಿವೃದ್ಧಿ ಮಾಡಿ ಅಂತ ಅರ್ಜಿ ಕೊಟ್ರೆ ಯಾರೂ ಓದಲ್ಲ, ಇಂಥಾ ಅಂಗಡಿ ಎದುರು ಎರಡು ಚಪ್ಪಡಿ ಒಡೆದಿದೆ ಅಂತ ಫೋಟೋ ಸಮೇತ ಕೊಟ್ರೆ ಇಂಜಿನಿಯರ್ ಇಲ್ಲ ಅನ್ನೋಕಾಗಲ್ಲ. ಊರೆಲ್ಲಾ ಒಂದೇ ಸಲ ಸರಿ ಮಾಡೋಕೆ ಹೋಗ್ಬೇಡಿ, ಈ ಒಂದು ದಾರಿ ಮಾತ್ರ ಹಿಡ್ಕೊಳ್ಳಿ.

ಟಾಯ್ಲೆಟ್ ವಿಷಯ ಸ್ವಲ್ಪ ಜಾಸ್ತಿನೇ ಹೇಳ್ತೀನಿ. ಕಟ್ಟೋದು ಕಷ್ಟ ಅಲ್ಲ, ಕಟ್ಟಿ ಉದ್ಘಾಟನೆ ಮಾಡಿ ಆರು ತಿಂಗಳಿಗೆ ಬೀಗ ಬಿದ್ದಿರೋ ಟಾಯ್ಲೆಟ್ ಎಷ್ಟು ಊರಲ್ಲಿ ನೋಡಿದೀವಿ. ಬೀಗ ಬೀಳೋಕೆ ಕಾರಣ ನೀರು ಇಲ್ಲ, ಇಲ್ಲಾಂದ್ರೆ ತೊಳೆಯೋರಿಗೆ ಸಂಬಳ ಇಲ್ಲ. ಹಂಗಾಗಿ ಜಾಗ ಆರಿಸುವಾಗಲೇ ನೀರಿನ ಲೈನ್ ಇದ್ಯಾ, ಟ್ಯಾಂಕ್ ಎಷ್ಟು ದೊಡ್ಡದು, ಕರೆಂಟ್ ಹೋದ್ರೆ ಏನು ಅಂತ ಕೇಳಿ. ನನ್ನ ಪ್ರಕಾರ ಪೇ ಅಂಡ್ ಯೂಸ್ ಮಾಡಿ ಅದರ ಜೊತೆಗೇ ಲಗೇಜ್ ಇಡೋಕೆ ಒಂದು ಕ್ಲೋಕ್ ರೂಮು, ಒಂದು ಸಣ್ಣ ಟೀ ಅಂಗಡಿ ಸೇರಿಸಿ ಒಂದೇ ಮಹಿಳಾ ಸ್ವಸಹಾಯ ಸಂಘಕ್ಕೆ ನಡೆಸೋಕೆ ಕೊಡಬೇಕು, ಆಗ ಲಗೇಜ್ ಬಾಡಿಗೆ, ಟೀ ದುಡ್ಡು ಎಲ್ಲಾ ಸೇರಿ ತೊಳೆಯೋ ಖರ್ಚು ಅಲ್ಲೇ ಹುಟ್ಟುತ್ತೆ. ಮಗು ಬಟ್ಟೆ ಬದಲಾಯಿಸೋಕೆ ಒಂದು ಕಟ್ಟೆ, ವೀಲ್‌ಚೇರ್ ಹೋಗೋ ಹಾಗೆ ರ‍್ಯಾಂಪು, ಹೆಂಗಸರ ಕಡೆ ಒಳಗಡೆ ಲೈಟು ಮತ್ತೆ ಚಿಲಕ, ಇವನ್ನ ಪ್ಲಾನ್ ಹಂತದಲ್ಲೇ ಬರೆಸಿ, ಆಮೇಲೆ ಸೇರಿಸ್ತೀವಿ ಅಂದಿದ್ದು ಯಾವತ್ತೂ ಸೇರಲ್ಲ.

ಕ್ಲೋಕ್ ರೂಮಿಗೆ ಮೊದಲ ದಿನವೇ ದೊಡ್ಡ ಕಟ್ಟಡ ಬೇಕಿಲ್ಲ. ಪರಿಚಯ ಇರೋ ಒಂದು ಅಂಗಡಿ, ಕಬ್ಬಿಣದ ರ‍್ಯಾಕು, ನಂಬರ್ ಬಿಲ್ಲೆ, ಒಂದು ರಿಜಿಸ್ಟರು, ಒಂದು ಸಿಸಿಟಿವಿ. ಬ್ಯಾಗ್ ಇಡೋರ ಫೋನ್ ನಂಬರು, ಐಡಿ ನೋಡಿ ಬರ್ಕೊಳ್ಳಿ, ಪೊಲೀಸ್ ಸ್ಟೇಷನ್‌ಗೆ ಮೊದಲೇ ಹೇಳಿಡಿ, ಏರ್‌ಪೋರ್ಟ್ ಹತ್ರದ ಊರು ಅಂದ್ಮೇಲೆ ವಾರಸುದಾರರಿಲ್ಲದ ಬ್ಯಾಗ್ ವಿಷಯ ಸುಮ್ನೆ ಅಲ್ಲ.

ಮೂರನೇದು ವಾಪಸ್ ಹೋಗೋ ದಾರಿ. ಫ್ಲೈಟ್ ಇರೋರ ಮನಸ್ಸಲ್ಲಿ ಒಂದೇ ಭಯ, ಲೇಟಾದ್ರೆ ಏನು ಗತಿ. ಡೊಮೆಸ್ಟಿಕ್‌ಗೆ ಎರಡು ಗಂಟೆ ಮುಂಚೆ, ಇಂಟರ್‌ನ್ಯಾಷನಲ್‌ಗೆ ಮೂರು ಗಂಟೆ ಮುಂಚೆ ಅಲ್ಲಿರಬೇಕು. ಅದಕ್ಕೆ ಕೋಟೆ ಬಾಗಿಲಲ್ಲಿ ಹಾಕೋ ಬೋರ್ಡಲ್ಲಿ ಇತಿಹಾಸಕ್ಕಿಂತ ಮೊದಲು ಇದನ್ನ ಬರೀರಿ: ನಿಮ್ಮ ಫ್ಲೈಟ್ ಇಷ್ಟೊತ್ತಿಗಾದ್ರೆ ಇಲ್ಲಿಂದ ಇಷ್ಟೊತ್ತಿಗೆ ಹೊರಡಿ. ಬಿಎಂಟಿಸಿ ವಾಯು ವಜ್ರ ಬಸ್ಸುಗಳು ಸಿಟಿಗೂ ಏರ್‌ಪೋರ್ಟಿಗೂ ಓಡಾಡ್ತವೆ, ನಮಗೆ ಬೇಕಾಗಿರೋದು ಬಸ್ ಸ್ಟ್ಯಾಂಡ್, ಕೋಟೆ, ಟರ್ಮಿನಲ್ ಸುತ್ತೋ ಒಂದು ಸಣ್ಣ ಬಸ್ಸು, ಅರ್ಧ ಗಂಟೆಗೊಂದು. ಡಿಪೋಗೆ ಅರ್ಜಿ ಕೊಡುವಾಗ ಟೂರಿಸ್ಟ್‌ಗೆ ಅಂತ ಮಾತ್ರ ಬರೀಬೇಡಿ, ಏರ್‌ಪೋರ್ಟಲ್ಲಿ ಹೌಸ್‌ಕೀಪಿಂಗು, ಸೆಕ್ಯೂರಿಟಿ, ಕಾರ್ಗೋ ಕೆಲಸಕ್ಕೆ ಹೋಗೋ ನಮ್ಮೂರ ಹುಡುಗ ಹುಡುಗೀರು ಎಷ್ಟು ಜನ, ಯಾವ ಶಿಫ್ಟು ಅಂತ ಪಟ್ಟಿ ಮಾಡಿ ಸೇರಿಸಿ, ದಿನಾ ಹತ್ತೋ ಜನ ಇದ್ರೇನೇ ರೂಟ್ ಉಳಿಯೋದು. ಬಸ್ಸು ಬರೋ ತನಕ ಸ್ಟ್ಯಾಂಡಿನ ಆಟೋದವರನ್ನ ಕೂರಿಸಿ ಮಾತಾಡಿ ಕೋಟೆಯಿಂದ ಟರ್ಮಿನಲ್‌ಗೆ ಒಂದು ರೇಟ್ ಫಿಕ್ಸ್ ಮಾಡಿ ಬೋರ್ಡ್ ಹಾಕ್ಸಿ, ಆಟೋ ಎಲ್ಲಿ ತನಕ ಬಿಡ್ತಾರೆ ಅನ್ನೋದನ್ನೂ ಕೇಳ್ಕೊಂಡು ಅದನ್ನೇ ಬರೀರಿ.

ರೈಲು ಮರೀಬೇಡಿ. ಯಲಹಂಕ ಚಿಕ್ಕಬಳ್ಳಾಪುರ ಲೈನಲ್ಲಿ ದೇವನಹಳ್ಳಿ ಸ್ಟೇಷನ್ ಇದೆ, 2021ರ ಜನವರಿಯಿಂದ ಏರ್‌ಪೋರ್ಟ್ ಹಾಲ್ಟ್ ಕೂಡ ಇದೆ. ಒಂದು ಕಾಲದಲ್ಲಿ ನ್ಯಾರೋ ಗೇಜ್ ಓಡ್ತಿದ್ದ ಲೈನ್ ಅದು, ದೊಡ್ಡಜಾಲ, ಆವತಿ, ನಂದಿ ಹಾಲ್ಟ್ ಹೀಗೆ ಸಣ್ಣ ಸಣ್ಣ ಹಳೇ ಸ್ಟೇಷನ್ನು. ಟ್ರೈನ್ ಟೈಮ್ ಬರೆದ ಒಂದು ಹಾಳೆ ಪ್ರತಿ ಹೋಟೆಲ್ ಗಲ್ಲಾ ಪಕ್ಕ ಅಂಟಿಸಿ, ಟೈಮ್ ಬದಲಾದಾಗ ಹಾಳೆನೂ ಬದಲಾಯಿಸಿ, ಇದಕ್ಕೆ ಯಾರ ಪರ್ಮಿಷನ್ನೂ ಬೇಡ.

ಕೋಟೆ ಬಗ್ಗೆ. 1501ರಲ್ಲಿ ಆವತಿ ಮನೆತನದ ಮಲ್ಲಬೈರೇಗೌಡರು ಮಣ್ಣಿನ ಕೋಟೆ ಕಟ್ಟಿದ್ದು, 1749ರಲ್ಲಿ ಮೈಸೂರಿನೋರು ಮುತ್ತಿಗೆ ಹಾಕಿ ತಗೊಂಡ್ರು, ಆ ಮುತ್ತಿಗೇಲೇ ಹೈದರಾಲಿ ಹೆಸರು ಮೇಲೆ ಬಂದಿದ್ದು, ಆಮೇಲೆ ಅದನ್ನ ಕಲ್ಲಲ್ಲಿ ಕಟ್ಟಿಸಿದ್ರು, 1791ರಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್ ಸೈನ್ಯದ ಕೈಗೆ ಹೋಯ್ತು. ಟಿಪ್ಪು ಹುಟ್ಟಿದ ಜಾಗ ಅಂತ ಕಂಬದ ಮಂಟಪ ಇದೆ, ಕೋಟೆ ಒಳಗೆ ವೇಣುಗೋಪಾಲಸ್ವಾಮಿ ದೇವಸ್ಥಾನ ಇದೆ, ಈಗಲೂ ಜನ ವಾಸ ಇರೋ ಮನೆಗಳಿವೆ. ಅದೇ ಅದರ ಚೆಂದ. ಗೋಡೆ ಮೇಲೆ ನಡೆದ್ರೆ ಕೆಳಗೆ ಯಾರದೋ ಮನೆ ರಂಗೋಲಿ ಕಾಣುತ್ತೆ. ಆ ಮನೆಯೋರನ್ನ ಕೇಳ್ದೆ ಏನೂ ಮಾಡ್ಬೇಡಿ, ಬಾಗಿಲ ಮುಂದೆ ಫೋಟೋ ತೆಗೆಯೋರ ಕಾಟ ಅನುಭವಿಸೋರು ಅವರೇ.

ಕೋಟೆ ಪುರಾತತ್ವ ಸರ್ವೇಕ್ಷಣೆ ಇಲಾಖೆ ಕೈಲಿದೆ, ಅಂದ್ರೆ ಸೆಂಟ್ರಲ್. 2010ರ ತಿದ್ದುಪಡಿ ಪ್ರಕಾರ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಇಲ್ಲ, ಅದರಾಚೆ 200 ಮೀಟರ್ ಪರ್ಮಿಷನ್ ತಗೊಂಡು ಕಟ್ಟಬೇಕು, ರಿಪೇರಿಗೂ ಪರ್ಮಿಷನ್ ಬೇಕು. ಉತ್ಸಾಹದಲ್ಲಿ ಗೋಡೆಗೆ ಸುಣ್ಣ ಹೊಡೆಯೋದು, ಬೆಳೆದಿರೋ ಗಿಡ ಕೀಳೋದು ಮಾಡ್ಬಿಟ್ರೆ ಕೇಸ್ ಆಗುತ್ತೆ, ಅದಕ್ಕಿಂತ ಹೆಚ್ಚಾಗಿ ಬೇರು ಕಿತ್ತಾಗ ಕಲ್ಲೇ ಸಡಿಲ ಆಗುತ್ತೆ. ಹಂಗಾಗಿ ಟಾಯ್ಲೆಟ್, ಕ್ಲೋಕ್ ರೂಮ್ ಎಲ್ಲಾ ಆ ಗಡಿ ಆಚೆ ಪ್ಲಾನ್ ಮಾಡಿ. ಕಸ ಎತ್ತೋ ಶ್ರಮದಾನಕ್ಕೂ ಮೊದಲೇ ಒಂದು ಪತ್ರ ಕೊಟ್ಟು ಅಲ್ಲಿಯ ಸಿಬ್ಬಂದಿ ಜೊತೇಲೇ ಮಾಡಿ.

ದುಡ್ಡು ಎಲ್ಲಿಂದ ಅಂತ ಕೇಳ್ತೀರಾ. ಪುರಸಭೆ ಬಜೆಟ್ ಮಂಡನೆಗೆ ಮುಂಚೆ ಸಾರ್ವಜನಿಕರ ಸಲಹಾ ಸಭೆ ಕರೀತಾರೆ, ಅಲ್ಲಿ ಹೋಗೋರು ಬೆರಳೆಣಿಕೆ. ನಿಮ್ಮ ಸೂಟ್‌ಕೇಸ್ ಪಟ್ಟಿ ತಗೊಂಡು ಹತ್ತು ಜನ ಹೋಗಿ, ಮುಖ್ಯಾಧಿಕಾರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಉತ್ತರ ಬರ್ದೇ ಇದ್ರೆ 10 ರೂಪಾಯಿ ಆರ್‌ಟಿಐ ಅರ್ಜಿ, 30 ದಿನದಲ್ಲಿ ಉತ್ತರ ಕೊಡಬೇಕು. ನಾನು ಒಂದು ಆಫೀಸಿಗೆ ಒಂದು ಬೀದಿ ದೀಪಕ್ಕೆ ನಾಲ್ಕು ತಿಂಗಳು ಅಲೆದಿದೀನಿ, ಸೀಲ್ ಇಲ್ಲದ ಅರ್ಜಿ ಬಂದೇ ಇಲ್ಲ ಅಂದ್ಬಿಟ್ರು, ಅದಕ್ಕೇ ಹೇಳ್ತಿರೋದು.

ಇನ್ನೊಂದು ಸಿಎಸ್‌ಆರ್. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಸಮಾಜದ ಕೆಲಸಕ್ಕೆ ಹಾಕ್ಬೇಕು, ತಾವಿರೋ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು, ನೈರ್ಮಲ್ಯ ಮತ್ತೆ ಪಾರಂಪರಿಕ ಜಾಗಗಳ ರಕ್ಷಣೆ ಎರಡೂ ಆ ಪಟ್ಟೀಲಿದೆ. ಏರ್‌ಪೋರ್ಟ್ ಸುತ್ತ ಎಷ್ಟು ಕಂಪನಿ ಇದೆ ನೋಡಿ. ಪುರಾತತ್ವ ಇಲಾಖೆಯ ಅಡಾಪ್ಟ್ ಎ ಹೆರಿಟೇಜ್ 2.0 ಅಂತ 2023ರಲ್ಲಿ ಬಂದ ಯೋಜನೇಲಿ ಕಂಪನಿಗಳು ಸ್ಮಾರಕದಲ್ಲಿ ಕುಡಿಯೋ ನೀರು, ಟಾಯ್ಲೆಟ್, ಮಾಹಿತಿ ಫಲಕ ಮಾಡಿಸಬಹುದು. ಅವರ ಹತ್ರ ಹೋಗುವಾಗ ಸಹಾಯ ಮಾಡಿ ಅನ್ನಬೇಡಿ, ಇಷ್ಟು ಜಾಗ, ಇಷ್ಟು ಎಸ್ಟಿಮೇಟು, ಮೂರು ವರ್ಷ ಮೇಂಟೆನೆನ್ಸ್ ಇಂಥವರದ್ದು ಅಂತ ಎರಡು ಪುಟ ಇಟ್ಕೊಂಡು ಹೋಗಿ.

ತಿನ್ನೋದು, ಮಾರೋದು ನಮ್ಮ ಗಟ್ಟಿ ವಿಷಯ. ದೇವನಹಳ್ಳಿ ಚಕ್ಕೋತಕ್ಕೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದ್ದೇ ಅನ್ನೋ ಸರ್ಕಾರಿ ಗುರುತು, ಇದೆ, ಬೆಂಗಳೂರು ನೀಲಿ ದ್ರಾಕ್ಷಿಗೂ ಇದೆ, ನಮ್ಮ ತಾಲ್ಲೂಕಿನ ವಿಜಯಪುರದಲ್ಲಿ ರೇಷ್ಮೆ ಇದೆ. ಇಷ್ಟೆಲ್ಲಾ ಇಟ್ಕೊಂಡು ನಾವು ಹೈವೇ ಪಕ್ಕ ಚಿಪ್ಸ್ ಮಾರ್ತೀವಿ! ಚಕ್ಕೋತದ ಸಿಪ್ಪೆ ದಪ್ಪ, ಬೇಗ ಕೆಡಲ್ಲ, ಬ್ಯಾಗಲ್ಲಿಟ್ರೂ ನಜ್ಜುಗುಜ್ಜಾಗಲ್ಲ, ಅದಕ್ಕಿಂತ ಒಳ್ಳೆ ಗಿಫ್ಟ್ ಇನ್ನೇನಿದೆ. ಸೀಸನ್‌ನಲ್ಲಿ ತೊಳೆ ಬಿಡಿಸಿ ಉಪ್ಪು ಖಾರ ಹಾಕಿ ಕೊಡಿ, ಇಡೀ ಹಣ್ಣನ್ನ ಹಗ್ಗದ ಬಲೇಲಿ ಕಟ್ಟಿ ಊರ ಹೆಸರಿನ ಚೀಟಿ ಹಾಕಿ ಮಾರಿ. ಆದ್ರೆ ಫಾರಿನ್‌ಗೆ ಹೋಗೋರಿಗೆ ನಿಜ ಹೇಳಿ, ಅಮೆರಿಕಾ, ಆಸ್ಟ್ರೇಲಿಯಾ ಥರ ದೇಶಗಳಲ್ಲಿ ಹಸಿ ಹಣ್ಣು ಒಳಗೆ ಬಿಡಲ್ಲ. ಮರಗಳೇ ಕಮ್ಮಿ ಆಗಿವೆ, ಹಿತ್ತಲಲ್ಲಿ ಜಾಗ ಇರೋರು ಒಂದೊಂದು ಗಿಡ ಹಾಕಿ. ತಳ್ಳುಗಾಡಿಯೋರನ್ನ ಎಬ್ಬಿಸಿ ಓಡಿಸೋದು ಬೇಡವೇ ಬೇಡ, 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆಲಿ ಗುರುತಿನ ಚೀಟಿ, ವ್ಯಾಪಾರದ ಜಾಗ ಗುರುತಿಸೋದು ಎಲ್ಲಾ ಇದೆ, ಅದನ್ನ ಮಾಡಿಸಿ, ಕೈ ತೊಳೆಯೋಕೆ ನೀರು, ಕಸಕ್ಕೆ ಡಬ್ಬ ಕೊಡಿಸಿ.

ಕ್ಯಾಬ್ ಡ್ರೈವರ್‌ಗಳ ಬಗ್ಗೆ ಒಂದು ಮಾತು. ಪ್ಯಾಸೆಂಜರ್ ಮೊದಲು ಕೇಳೋದು ಅವರನ್ನೇ, ಇಲ್ಲಿ ನೋಡೋಕೇನಿದೆ ಸಾರ್ ಅಂತ. ಅವರು ಏನೂ ಇಲ್ಲ ಸಾರ್ ಅಂದ್ರೆ ಮುಗೀತು. ಡ್ಯೂಟಿಗೆ ಕಾಯುವಾಗ ಅವರಿಗೆ ನೆರಳು, ಕಮ್ಮಿ ರೇಟಲ್ಲಿ ಊಟ, ಅದೇ ಟಾಯ್ಲೆಟ್ ಸಿಗೋ ಹಾಗೆ ಮಾಡಿ, ಒಂದ್ಸಲ ಕೋಟೆ ತೋರಿಸಿ. ರಾತ್ರಿಯೆಲ್ಲಾ ಗಾಡಿಲೇ ಮಲಗಿ ಎದ್ದಿರೋರು ಪಾಪ, ಒಂದು ಲೋಟ ಟೀ ಪ್ರೀತಿಯಿಂದ ಕೊಟ್ರೆ ಅವರೇ ಜನ ಕರ್ಕೊಂಡು ಬರ್ತಾರೆ.

ಮಾಡಬಾರದ್ದೂ ಇದೆ. ದೊಡ್ಡ ಕಮಾನು, ಫೌಂಟನ್, ಐ ಲವ್ ಅಂತ ಬರೆದ ಅಕ್ಷರದ ಬೊಂಬೆ, ಇವಕ್ಕೆ ಮೊದಲ ವರ್ಷ ಒಂದು ರೂಪಾಯಿ ಹಾಕ್ಬೇಡಿ. ಪ್ರವಾಸೋದ್ಯಮದ ಹೆಸರಲ್ಲಿ ರೈತರ ಜಮೀನು ಕೇಳೋಕೆ ಹೋಗ್ಬೇಡಿ, ಚನ್ನರಾಯಪಟ್ಟಣ ಹೋಬಳಿ ರೈತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತು 2025ರ ಜುಲೈನಲ್ಲಿ ಭೂಸ್ವಾಧೀನ ಕೈಬಿಡಿಸಿದ್ದು ಇದೇ ತಾಲ್ಲೂಕಲ್ಲಿ, ಬರೋರಿಗೆ ತೋರಿಸೋಕೆ ಹೊಲ ಗದ್ದೆ ಹಸಿರಾಗಿರ್ಬೇಕು. ಸಿಹಿನೀರು ಕೆರೆ ಏರಿ ಮೇಲೆ ನಡೆಯೋ ದಾರಿ, ಕೂರೋಕೆ ನಾಲ್ಕು ಕಲ್ಲುಬೆಂಚು ಸಾಕು, ಕಾಂಕ್ರೀಟ್ ಸುರಿಯೋದು ಬೇಡ.

ಶುರು ಮಾಡೋಕೆ ಕಮಿಟಿ ಆಗೋ ತನಕ ಕಾಯ್ಬೇಡಿ. ಮುಂದಿನ ಭಾನುವಾರ ಬೆಳಿಗ್ಗೆ ಆರೂವರೆಗೆ ಐದು ಜನ, ಒಂದು ಸೂಟ್‌ಕೇಸು, ಒಂದು ನೋಟ್‌ಬುಕ್ಕು, ಬಸ್ ಸ್ಟ್ಯಾಂಡ್ ಹತ್ರ ಸೇರಿ, ಬಿಸಿಲು ಏರೋದ್ರೊಳಗೆ ಕೋಟೆ ತನಕ ಹೋಗಿ ಬಂದ್ಬಿಡಬಹುದು, ತಿಂಡಿ ಹೊತ್ತಿಗೆ ಪಟ್ಟಿ ರೆಡಿ ಇರುತ್ತೆ, ಸೋಮವಾರ ಪುರಸಭೆ ಬಾಗಿಲು ತೆಗೆದ ತಕ್ಷಣ ಎರಡು ಪ್ರತಿ ತಗೊಂಡು ಹೋಗಿ, ಒಂದು ಅವರಿಗೆ, ಒಂದು ಸೀಲ್ ಹಾಕಿಸ್ಕೊಂಡು ನಿಮಗೆ.