ವೇಂಬನಾಡಿನಲ್ಲಿ ಒಂದು ದಿನ: ಗಂಡ, ಹೆಂಡತಿ, ಒಂದು ಮೋಟಾರು ದೋಣಿ

ಕೇರಳದ ಆಲಪ್ಪುಳಕ್ಕೆ ಹೋಗುತ್ತೇವೆ ಅಂದರೆ ಸಾಕು, "ಹೌಸ್‌ಬೋಟ್ ಬುಕ್ ಮಾಡಿದ್ರಾ?" ಅಂತ ಎಲ್ಲರೂ ಕೇಳುತ್ತಾರೆ. ನಾವೂ ಮೊದಲ ಸಲ ಅದನ್ನೇ ಮಾಡಿದ್ದೆವು. ಎಸಿ ರೂಮು, ಹೊತ್ತು ಹೊತ್ತಿಗೆ ಊಟ, ಎಲ್ಲ ಇತ್ತು. ಮಧ್ಯಾಹ್ನ ಹತ್ತಿಸಿಕೊಂಡರು, ಸಂಜೆ ಐದೂವರೆಗೆಲ್ಲ ದಡಕ್ಕೆ ಕಟ್ಟಿಬಿಟ್ಟರು. ರಾತ್ರಿ ಮೀನುಗಾರರು ಬಲೆ ಬಿಡುತ್ತಾರೆ, ಆಗ ಹೌಸ್‌ಬೋಟ್ ಓಡಿಸುವಂತಿಲ್ಲ. ಅದು ಸರಿಯೇ. ಆದರೆ ಅಷ್ಟು ದುಡ್ಡು ಕೊಟ್ಟು ನಿಂತ ದೋಣಿಯಲ್ಲಿ ಟಿವಿ ನೋಡುತ್ತಾ ಕೂತಿದ್ದೆವಲ್ಲ, "ಇದಕ್ಕೆ ತುಮಕೂರಿಂದ ಬರಬೇಕಿತ್ತಾ?" ಅಂದರು ನಮ್ಮನೆಯವರು.

ಮದುವೆಯಾಗಿ 30 ವರ್ಷ ತುಂಬಿದ ಜನವರಿಯಲ್ಲಿ ಮತ್ತೆ ಹೋದೆವು. ಈ ಸಲ ಹೌಸ್‌ಬೋಟ್ ಬೇಡ ಅಂದುಕೊಂಡು, ಒಂದು ಸಣ್ಣ ಮೋಟಾರು ದೋಣಿ ಹಿಡಿದು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಸುತ್ತಿದೆವು. ಎಷ್ಟು ಹಿಡಿಸಿತೆಂದರೆ, ಅದರ ಮುಂದಿನ ವರ್ಷ ಮಾರ್ಚ್‌ನಲ್ಲಿ ಇನ್ನೊಮ್ಮೆ ಹೋದೆವು. ಈಗ ನೆಂಟರಲ್ಲಿ ಯಾರು ಆ ಕಡೆ ಹೊರಟರೂ ನನಗೇ ಫೋನ್. ಹೇಳಿ ಹೇಳಿ ಸಾಕಾಗಿ ಬರೆದೇ ಇಡುತ್ತಿದ್ದೇನೆ.

ಮೊದಲು ಅಳತೆ ಗೊತ್ತಿರಲಿ. ವೇಂಬನಾಡ್ ನಮ್ಮ ದೇಶದ ಅತಿ ಉದ್ದದ ಸರೋವರ. ಉದ್ದ ಸುಮಾರು 96 ಕಿ.ಮೀ. ಆಲಪ್ಪುಳ, ಕೋಟ್ಟಯಂ, ಎರ್ನಾಕುಳಂ ಮೂರೂ ಜಿಲ್ಲೆಗೆ ಚಾಚಿಕೊಂಡಿದೆ. ನಮ್ಮೂರ ಅಮಾನಿಕೆರೆಯಲ್ಲಿ ಪೆಡಲ್ ತುಳಿದ ಅನುಭವ ಇಲ್ಲಿ ಲೆಕ್ಕಕ್ಕೆ ಬರಲ್ಲ. ನಡುನೀರಿಗೆ ಬಂದಾಗ ಆಚೆ ದಡದ ತೆಂಗಿನ ಮರಗಳು ಒಂದು ಗೆರೆಯ ಹಾಗೆ ಕಾಣುತ್ತವೆ, ಅಷ್ಟೇ. ಹಾಗಾಗಿ ಎಲ್ಲ ನೋಡಿಬಿಡುತ್ತೇವೆ ಅಂತ ಹೊರಡಬೇಡಿ. ಒಂದು ದಿನಕ್ಕೆ ದಕ್ಷಿಣದ ತುದಿ ಸಾಕು. ನಾವು ಹೋದ ದಾರಿ ಇದು: ಆಲಪ್ಪುಳದ ಪುನ್ನಮಡದಿಂದ ಹೊರಟು, ಕೈನಕರಿಯ ಕಾಲುವೆಗಳು, ಅಲ್ಲಿಂದ ನೀರು ದಾಟಿ ಕುಮರಕಂ ದಡ, ಆಮೇಲೆ ಪಾತಿರಾಮಣಲ್ ದ್ವೀಪ, ಕೊನೆಗೆ ಪಡುವಣ ದಡ ಹಿಡಿದು ವಾಪಸ್ಸು. ನಿಲ್ಲಿಸಿದ್ದೂ ಸೇರಿ 7 ಗಂಟೆ.

ಈ ದಾರಿ ಹೀಗೇ ಇರಲಿ, ತಿರುಗಾಮುರುಗಾ ಮಾಡಬೇಡಿ. ಕಾರಣ ಗಾಳಿ. ಬೆಳಿಗ್ಗೆ ನೀರು ಎಣ್ಣೆ ಸುರಿದ ಹಾಗೆ ಸುಮ್ಮನಿರುತ್ತದೆ. ಮಧ್ಯಾಹ್ನ ಆಗುತ್ತಿದ್ದಂತೆ ಅರಬ್ಬೀ ಸಮುದ್ರದ ಕಡೆಯಿಂದ, ಅಂದರೆ ಪಶ್ಚಿಮದಿಂದ ಗಾಳಿ ಏಳುತ್ತದೆ. ಆಗ ನಡುನೀರಲ್ಲಿ ಸಣ್ಣ ದೋಣಿ ಚೆನ್ನಾಗಿಯೇ ಕುಣಿಯುತ್ತದೆ. ಅಗಲ ಜಾಸ್ತಿ ಇರುವ ಕಡೆ ಬೆಳಿಗ್ಗೆಯೇ ದಾಟಿಬಿಟ್ಟರೆ, ಮಧ್ಯಾಹ್ನ ಪಡುವಣ ದಡದ ಮರೆಯಲ್ಲಿ ಆರಾಮಾಗಿ ಬರಬಹುದು. ನಾನಂತೂ ಈಜು ಬಾರದವಳು. ನನಗೆ ಇದೇ ಮುಖ್ಯ.

ನಿಮಗೆ ದೋಣಿ ಒಗ್ಗುತ್ತದೋ ಇಲ್ಲವೋ ಗೊತ್ತಿಲ್ಲದಿದ್ದರೆ ಹಿಂದಿನ ಸಂಜೆಯೇ ನೋಡಿಕೊಳ್ಳಿ. ಆಲಪ್ಪುಳ ಬಸ್ ಸ್ಟ್ಯಾಂಡಿನ ಹತ್ತಿರವೇ ಬೋಟ್ ಜೆಟ್ಟಿ ಇದೆ. ಅಲ್ಲಿಂದ ಸರ್ಕಾರಿ ಪ್ರಯಾಣಿಕರ ದೋಣಿಗಳು ಹೊರಡುತ್ತವೆ. ನಮ್ಮಲ್ಲಿ ಸಿಟಿ ಬಸ್ ಇದ್ದ ಹಾಗೆ. ನೆಡುಮುಡಿ ಕಡೆ ಹೋಗುವುದನ್ನು ಹತ್ತಿ, ಒಂದು ಸುತ್ತು ಹೋಗಿ ಬನ್ನಿ. ಟಿಕೆಟ್ ಬಲು ಅಗ್ಗ. ಶಾಲೆಯಿಂದ ಬರುವ ಮಕ್ಕಳು, ಮಾರ್ಕೆಟ್ ಚೀಲ ಹಿಡಿದ ಹೆಂಗಸರು, ಮನೆ ಮನೆ ಮುಂದಿನ ಮೆಟ್ಟಿಲಲ್ಲಿ ಇಳಿಯುತ್ತಾ ಹೋಗುತ್ತಾರೆ. ನನಗೆ ಹೊಟ್ಟೆ ತೊಳೆಸಲಿಲ್ಲ, ಹಾಗಾಗಿ ಧೈರ್ಯ ಬಂತು.

ಇನ್ನು ದೋಣಿ ಹಿಡಿಯುವುದು. ಶಿಕಾರ ಅಂತ ಮೆತ್ತೆ ಹಾಸಿದ ದೋಣಿಗಳಿವೆ. ನೋಡೋಕೆ ಚೆನ್ನ, ಫೋಟೋಗೂ ಚೆನ್ನ. ಆದರೆ ಬೆನ್ನು ನೋವಿನವರಿಗೆ ಒರಗಿ ಕೂತು 7 ಗಂಟೆ ಕಳೆಯುವುದು ಕಷ್ಟ. ಸ್ಪೀಡ್ ಬೋಟ್ ಅಂತೂ ಬೇಡವೇ ಬೇಡ, ಕೂದಲು ಕೆದರಿಕೊಂಡು ಬಂದದ್ದಷ್ಟೇ ಲಾಭ. ಮೇಲೆ ಚಾವಣಿ, ಪಕ್ಕ ತೆರೆದ, ಬೆತ್ತದ್ದೋ ಪ್ಲಾಸ್ಟಿಕ್‌ದೋ ಕುರ್ಚಿ ಹಾಕಿದ ಸಾದಾ ಮೋಟಾರು ದೋಣಿ ಕೇಳಿ. ಹತ್ತುವ ಮೊದಲು ಎಂಜಿನ್ ಸ್ಟಾರ್ಟ್ ಮಾಡಿಸಿ. ಅದರ ಸದ್ದಲ್ಲಿ ನೀವಿಬ್ಬರೂ ಮಾತಾಡಿಕೊಳ್ಳೋಕೆ ಆಗುತ್ತಾ ನೋಡಿ. ಆಗದಿದ್ದರೆ ಬೇರೆ ದೋಣಿ ನೋಡಿ. (ಮಾತಾಡದೇ ಇರೋದೇ ವಾಸಿ ಅನ್ನೋ ದಂಪತಿಗಳ ವಿಷಯ ಬೇರೆ.) ಡೀಸೆಲ್ ಹೊಗೆ ಹಿಂದೆ ಬರುತ್ತದೆ. ಆದ್ದರಿಂದ ಕುರ್ಚಿಯನ್ನು ಮುಂದಕ್ಕೆ ಹಾಕಿಸಿಕೊಳ್ಳಿ.

ಲೈಫ್ ಜಾಕೆಟ್ ಇದೆಯಾ ಅಂತ ಕೇಳಬೇಡಿ. ಕೇಳಿದರೆ "ಉಂಡು, ಉಂಡು" (ಇದೆ, ಇದೆ) ಅಂತಾರೆ. ತೆಗೆದು ತೋರಿಸಿ ಅನ್ನಿ, ಹಾಕಿಕೊಂಡು ಪಟ್ಟಿ ಬಿಗಿದು ನೋಡಿ. ನಮ್ಮ ದೋಣಿಯಲ್ಲಿ ಎರಡಿದ್ದವು, ಒಂದರ ಬಕಲ್ ಮುರಿದಿತ್ತು. ಪಕ್ಕದ ದೋಣಿಯಿಂದ ಇನ್ನೊಂದು ತರಿಸಿದ ಮೇಲೇ ನಾನು ಕಾಲಿಟ್ಟಿದ್ದು. ದೋಣಿಯ ಪಕ್ಕದಲ್ಲಿ ನೋಂದಣಿ ನಂಬರ್ ಬರೆದಿರಬೇಕು, ಅದರ ಫೋಟೋ ತೆಗೆದು ಮಕ್ಕಳಿಗೆ ಕಳಿಸಿ. ಇದೆಲ್ಲ ಅತಿ ಅಂತ ನಮ್ಮನೆಯವರು ಮುಖ ಸಿಂಡರಿಸಿದರು. 2002ರ ಜುಲೈ 27ರಂದು ಇದೇ ನೀರಿನಲ್ಲಿ, ಮುಹಮ್ಮ ಅನ್ನುವ ಊರಿಂದ ಕುಮರಕಂಗೆ ಹೊರಟಿದ್ದ ಪ್ರಯಾಣಿಕರ ದೋಣಿ ಮುಳುಗಿ 29 ಜನ ಹೋದರು. ಅದನ್ನು ಹೇಳಿದ ಮೇಲೆ ತಾವೂ ಜಾಕೆಟ್ ಹಾಕಿಕೊಂಡರು.

ರೇಟು ಗಂಟೆ ಲೆಕ್ಕ. ನಮಗೆ ಗಂಟೆಗೆ 800 ಅಂದರು, 7 ಗಂಟೆಗೆ ಒಟ್ಟು 5000ಕ್ಕೆ ಒಪ್ಪಿಸಿದೆವು. ಸೀಸನ್ ಮೇಲೆ ಹೆಚ್ಚುಕಡಿಮೆ ಆಗುತ್ತದೆ. ಆದರೆ ರೇಟಿಗಿಂತ ಮುಖ್ಯ, ಮಾತು ಪಕ್ಕಾ ಮಾಡಿಕೊಳ್ಳುವುದು. ಮಾರ್ಚ್‌ನಲ್ಲಿ ಹೋದಾಗ ಬಸ್ ಸ್ಟ್ಯಾಂಡಲ್ಲಿ ಸಿಕ್ಕ ಒಬ್ಬ ಮಧ್ಯವರ್ತಿಯನ್ನು ನಂಬಿದೆವು. ದುಡ್ಡೆಲ್ಲ ಮೊದಲೇ ಇಸಿದುಕೊಂಡ. ನೀರಿಗಿಳಿದ ಮೇಲೆ ನೋಡಿದರೆ ದೋಣಿಯವರಿಗೆ "5 ಗಂಟೆ, ಪಾತಿರಾಮಣಲ್ ಇಲ್ಲ" ಅಂತ ಹೇಳಿ ಕಳಿಸಿದ್ದಾನೆ. ಪಾಪ, ದೋಣಿಯವರದ್ದೇನೂ ತಪ್ಪಿಲ್ಲ. ಅಂದಿನಿಂದ ನನ್ನ ಪದ್ಧತಿ ಇಷ್ಟೇ: ದೋಣಿ ಓಡಿಸುವವರ ಹತ್ತಿರವೇ ಮಾತು, ಊರುಗಳ ಹೆಸರು ಚೀಟಿಯಲ್ಲಿ ಬರೆದು ಅವರಿಗೇ ತೋರಿಸುವುದು, ಅರ್ಧ ದುಡ್ಡು ಹತ್ತುವಾಗ, ಅರ್ಧ ಇಳಿಯುವಾಗ.

ಅವರನ್ನು "ಚೇಟ್ಟಾ" ಅನ್ನಿ, ಅಣ್ಣ ಅಂದ ಹಾಗೆ. ಭಾಷೆಗೆ ಹೆದರಬೇಡಿ. ಕಾಯಲ್ ಅಂದರೆ ಈ ಹಿನ್ನೀರು, ತೋಡು ಅಂದರೆ ಕಾಲುವೆ. ದಕ್ಷಿಣ ಕನ್ನಡದವರಿಗೆ ಅದೂ ಹೊಸದಲ್ಲ. ಎರಡು ಮಾತು ಮಾತ್ರ ಬಾಯಿಪಾಠ ಮಾಡಿಕೊಳ್ಳಿ. "ಪದುಕ್ಕೆ ಮದಿ" ಅಂದರೆ ನಿಧಾನ ಸಾಕು. "ಎಂಜಿನ್ ಆಫ್ ಚೆಯ್ಯಾಮೋ?" ಅಂದರೆ ಎಂಜಿನ್ ಆಫ್ ಮಾಡ್ತೀರಾ? ಇಡೀ ದಿನಕ್ಕೆ ಇವೆರಡರಷ್ಟು ಉಪಯೋಗಕ್ಕೆ ಬಂದ ಮಾತು ಬೇರೆ ಇಲ್ಲ.

ಬೆಳಿಗ್ಗೆ 7ಕ್ಕೆ ಹೊರಡಿ. ಪುನ್ನಮಡ ಕಾಯಲ್‌ನಲ್ಲಿ ಹೌಸ್‌ಬೋಟ್‌ಗಳು ಸಾಲಾಗಿ ಇನ್ನೂ ಮಲಗಿರುತ್ತವೆ. 1952ರಲ್ಲಿ ನೆಹರೂ ಬಂದಿದ್ದಾಗ ಶುರುವಾದ ಹಾವುದೋಣಿ ಪಂದ್ಯ ನಡೆಯುವುದು ಇಲ್ಲೇ. ಹತ್ತು ನಿಮಿಷದಲ್ಲಿ ಸಂದಣಿ ಮುಗಿಯುತ್ತದೆ. ಕೈನಕರಿಯ ತೋಡುಗಳಿಗೆ ಹೊಕ್ಕಾಗಲೇ ಚೇಟ್ಟನಿಗೆ ನಿಧಾನ ಅನ್ನಿ. ಏಕೆಂದರೆ ಇಲ್ಲಿ ನೋಡಲೇಬೇಕಾದ ಒಂದು ವಿಚಿತ್ರ ಇದೆ.

ನಾನು ಮೊದಲು ಗಮನಿಸಿದ್ದು ಒಂದು ಹಂಚಿನ ಮನೆಯನ್ನು. ಅದರ ಸೂರು ನನ್ನ ಕಣ್ಣಿನ ಮಟ್ಟಕ್ಕಿತ್ತು. ನಾನು ದೋಣಿಯಲ್ಲಿ ಕೂತಿದ್ದೇನೆ, ಮನೆ ನನಗಿಂತ ಕೆಳಗಿದೆ! ಎದ್ದು ನಿಂತು ನೋಡಿದೆ. ಏರಿಯ ಆಚೆ ಗದ್ದೆ, ನೀರಿಗಿಂತ ಒಂದಾಳು ಕೆಳಗೆ. ಹಸಿರು ಪೈರು, ಅದರ ನಡುವೆ ಬೆಳ್ಳಕ್ಕಿಗಳು. ನಾವು ಮೇಲೆ ತೇಲುತ್ತಿದ್ದೇವೆ, ಕೆಳಗೆ ಒಬ್ಬಳು ಹೆಂಗಸು ಬಗ್ಗಿ ಕಳೆ ಕೀಳುತ್ತಿದ್ದಾಳೆ. ಕುಟ್ಟನಾಡ್ ಅಂದರೆ ಇದೇ. ಸಮುದ್ರ ಮಟ್ಟಕ್ಕಿಂತ ಕೆಳಗೆ ಭತ್ತ ಬೆಳೆಯುವ ಸೀಮೆ. ಕಾಯಲ್‌ನಿಂದಲೇ ಜೇಡಿಮಣ್ಣು ಎತ್ತಿ ಏರಿ ಕಟ್ಟುತ್ತಾರೆ, ಒಳಗಿನ ನೀರನ್ನು ಪಂಪಿನಿಂದ ಹೊರಗೆ ಹಾಕುತ್ತಾರೆ. 1940ರ ದಶಕದಲ್ಲಿ ಅಕ್ಕಿಗೆ ಬರ ಬಂದಾಗ ಜೋಸೆಫ್ ಮುರಿಕ್ಕನ್ ಅನ್ನುವ ಕೃಷಿಕ ಹೀಗೇ ನಡುನೀರಲ್ಲಿ ಏರಿ ಹಾಕಿಸಿ ದೊಡ್ಡ ದೊಡ್ಡ ಗದ್ದೆಗಳನ್ನು ಮಾಡಿದರು. ತಿರುವಾಂಕೂರು ರಾಜಮನೆತನದವರ ಹೆಸರಲ್ಲಿ ಚಿತ್ತಿರ, ಮಾರ್ತಾಂಡಂ, ರಾಣಿ ಅಂತ ಕರೆದರು. ಕೆರೆ ಏರಿ ಅಂದರೆ ನೀರು ಒಳಗಿರಬೇಕು ಅಂತ ತಿಳಿದ ನಮ್ಮಂಥ ಬಯಲುಸೀಮೆಯವರಿಗೆ, ನೀರು ಹೊರಗಿರಲಿ ಅಂತ ಏರಿ ಕಟ್ಟಿದ್ದು ನೋಡಿ ತಲೆ ತಿರುಗಿತು. ಜನವರಿಯಲ್ಲಿ ಗದ್ದೆ ಹಸಿರು, ಮಾರ್ಚ್‌ನಲ್ಲಿ ಹಳದಿ. ಎರಡೂ ಚೆಂದ. ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ, ದಿನಪೂರ್ತಿಯ ಸುತ್ತಾಟ ಆಗ ಬೇಡ.

ಕೈನಕರಿ ದಾಟಿದ ಮೇಲೆ ದೊಡ್ಡ ನೀರು. ಸುಮಾರು ನಡುವಿಗೆ ಬಂದಾಗ ಎಂಜಿನ್ ಆಫ್ ಮಾಡಿಸಿ, ಹತ್ತು ನಿಮಿಷ ಸುಮ್ನೆ ಕೂರಿ. ಮೊದಲು ಕಿವಿಯಲ್ಲಿ ಎಂಜಿನ್ನೇ ಗುಂಯ್‌ಗುಡುತ್ತಿರುತ್ತದೆ. ಆಮೇಲೆ ದೋಣಿಯ ತಳಕ್ಕೆ ನೀರು ತಟ್ಟುವ ಸದ್ದು, ಎಲ್ಲೋ ದೂರದಲ್ಲಿ ಮೀನುಗಾರ ಹುಟ್ಟಿನಿಂದ ದೋಣಿಯ ಅಂಚಿಗೆ ಬಡಿಯುವ ಸದ್ದು. ನಮ್ಮನೆಯವರು ಆ ಹತ್ತು ನಿಮಿಷದಲ್ಲಿ ಒಮ್ಮೆಯೂ ಫೋನ್ ತೆಗೆಯಲಿಲ್ಲ. ನಾನೂ ಏನೂ ಹೇಳಲು ಹೋಗಲಿಲ್ಲ.

ಇಲ್ಲೊಂದು ತೊಂದರೆ ಹೇಳಬೇಕು. ಅಂತರಗಂಗೆ, ನೀರ ಮೇಲೆ ತೇಲುವ ಕಳೆ. ಉತ್ತರಕ್ಕೆ ತಣ್ಣೀರ್‌ಮುಕ್ಕಂ ಅನ್ನುವಲ್ಲಿ ಒಂದು ಅಡ್ಡಗಟ್ಟೆ ಇದೆ. ಸಮುದ್ರದ ಉಪ್ಪುನೀರು ಗದ್ದೆಗೆ ಬರದಿರಲಿ ಅಂತ ಬೇಸಿಗೆ ಬೆಳೆಯ ಕಾಲದಲ್ಲಿ ಅದರ ಬಾಗಿಲು ಮುಚ್ಚುತ್ತಾರೆ. ಉಪ್ಪು ತಗುಲಿದರೆ ಅಂತರಗಂಗೆ ಸಾಯುತ್ತದೆ, ಉಪ್ಪಿಲ್ಲದಿದ್ದರೆ ಸೊಕ್ಕಿ ಬೆಳೆಯುತ್ತದೆ. ಮಾರ್ಚ್‌ನಲ್ಲಿ ನಮ್ಮ ದೋಣಿ ಅದರೊಳಗೆ ಸಿಕ್ಕಿ, ಎಂಜಿನ್ ಕೆಮ್ಮಿ ನಿಂತೇ ಹೋಯಿತು. ಚೇಟ್ಟ ಹಿಂದಕ್ಕೆ ಹೋಗಿ ಪ್ರೊಪೆಲ್ಲರ್ ಎತ್ತಿದರು. ಜಡೆ ಹೆಣೆದ ಹಾಗೆ ಬೇರು ಸುತ್ತಿಕೊಂಡಿತ್ತು. ತೆಂಗಿನಕಾಯಿ ಕೆತ್ತುವ ಕತ್ತಿಯಲ್ಲಿ ಕೊಚ್ಚಿ ಕೊಚ್ಚಿ ಬಿಡಿಸುವಷ್ಟರಲ್ಲಿ ಇಪ್ಪತ್ತು ನಿಮಿಷ. ಹೀಗಾದಾಗ ಗಾಬರಿಯಾಗಿ ಇಬ್ಬರೂ ಒಂದೇ ಪಕ್ಕಕ್ಕೆ ಎದ್ದು ಬಗ್ಗಿ ನೋಡಬೇಡಿ. ದೋಣಿ ವಾಲುತ್ತದೆ. ನಮ್ಮನೆಯವರಿಗೆ ಸಹಾಯ ಮಾಡುವ ಚಪಲ. "ರೀ, ಕೂತ್ಕೊಳ್ಳಿ" ಅಂತ ಅಂಗಿ ಹಿಡಿದು ಕೂರಿಸಿದೆ.

ಕುಮರಕಂ ದಡಕ್ಕೆ ಬಂದಾಗ ಟೀ, ಪಳಂಪೊರಿ. ಬಾಳೆಹಣ್ಣಿನ ಬಜ್ಜಿ ಅದು, ಬಿಸಿ ಬಿಸಿ ತಿನ್ನಬೇಕು. ಶೌಚಾಲಯದ ಕೆಲಸವನ್ನೂ ಇಲ್ಲೇ ಮುಗಿಸಿ. ಸಣ್ಣ ದೋಣಿಯಲ್ಲಿ ಆ ವ್ಯವಸ್ಥೆ ಇರಲ್ಲ. ಹೆಂಗಸರು ಇದಕ್ಕೆ ಹೆದರಿ ನೀರೇ ಕುಡಿಯದೆ ಕೂರುತ್ತಾರೆ, ಆಮೇಲೆ ಬಿಸಿಲಿಗೆ ತಲೆನೋವು. ಹಾಗೆ ಮಾಡಬೇಡಿ. ಎಲ್ಲೆಲ್ಲಿ ನಿಲ್ಲಿಸಬಹುದು ಅಂತ ಹತ್ತುವ ಮೊದಲೇ ಕೇಳಿ, ಎರಡು ಗಂಟೆಗೊಂದು ನಿಲುಗಡೆ ಅಂತ ಒಪ್ಪಿಸಿ. ಪಕ್ಷಿಧಾಮವೂ ಇದೇ ದಡದಲ್ಲಿದೆ. ಆದರೆ ಅದರೊಳಗೆ ನಡೆಯಲು ಅರ್ಧ ದಿನ ಬೇಕು, ಬಿಟ್ಟುಬಿಡಿ. ನೀರುಕಾಗೆಗಳು ಕಂಬದ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದು ದೋಣಿಯಿಂದಲೇ ಕಾಣುತ್ತದೆ.

ಪಾತಿರಾಮಣಲ್ ಅಂದರೆ ನಡುರಾತ್ರಿಯ ಮಳಲು. ಸುಮಾರು ಅರ್ಧ ಗಂಟೆ ನಡೆದರೆ ಸಾಕು, ನೆರಳಿದೆ. ಎದುರಿಗೆ ಮುಹಮ್ಮ ಊರಿನ ದಡ. ಅಲ್ಲಿ ಕಪ್ಪೆಚಿಪ್ಪಿನ ಬಿಳಿ ರಾಶಿಗಳು ಕಾಣುತ್ತವೆ. ಕಾಯಲ್‌ನ ತಳದಿಂದ ಬಾಚಿ ತೆಗೆದದ್ದು. ಒಳಗಿನ ಮಾಂಸ ಅಡುಗೆಗೆ, ಚಿಪ್ಪು ಸುಣ್ಣಕ್ಕೆ.

ಊಟಕ್ಕೆ ದಡದ ಯಾವುದಾದರೂ ಸಣ್ಣ ಹೋಟೆಲಿಗೆ ಚೇಟ್ಟನೇ ಕರೆದೊಯ್ಯುತ್ತಾರೆ. ಕೇರಳದ ರಾಜ್ಯಮೀನು ಕರಿಮೀನ್ ಇಲ್ಲಿನದೇ. ಮಸಾಲೆ ಹಚ್ಚಿ ಬಾಳೆಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಮೀನಿನ ಗಾತ್ರ ನೋಡಿ ರೇಟು ಹೇಳುವುದರಿಂದ ಒಲೆಗೆ ಹೋಗುವ ಮುಂಚೆಯೇ ಕೇಳಿಕೊಳ್ಳಿ. ನಮ್ಮನೆಯವರು ಕೇಳಲಿಲ್ಲ, ಬಿಲ್ ಬಂದ ಮೇಲೆ ಎರಡು ಸಲ ಕನ್ನಡಕ ಒರೆಸಿಕೊಂಡರು. ನಾನು ಮೀನು ತಿನ್ನಲ್ಲ. ದಪ್ಪ ಕುಚ್ಚಲಕ್ಕಿ ಅನ್ನ, ಸಾಂಬಾರು, ತೋರನ್ ಪಲ್ಯ ಸಿಕ್ಕಿತು. ಆದರೂ ಚೀಲದಲ್ಲಿ ನಿಪ್ಪಟ್ಟು, ಬಾಳೆಹಣ್ಣು ಇರಲಿ.

ಬಿಸಿಲು ಮೇಲಿಂದ ಮಾತ್ರ ಅಲ್ಲ, ನೀರಿಂದಲೂ ಹೊಡೆಯುತ್ತದೆ. ಚಾವಣಿ ಇದೆ ಅಂತ ಟೋಪಿ ಬಿಡಬೇಡಿ. ಟೋಪಿಗೆ ದಾರ ಇರಲಿ, ಇಲ್ಲವೇ ಗಲ್ಲಕ್ಕೆ ಟವೆಲ್ ಕಟ್ಟಿ. ಮಗಳು ಕೊಡಿಸಿದ್ದ ಟೋಪಿ ಪಾತಿರಾಮಣಲ್ ದಾಟಿದ ಮೇಲೆ ಗಾಳಿಗೆ ಹಾರಿತು. ಚೇಟ್ಟ ದೋಣಿ ತಿರುಗಿಸಿ, ಎರಡು ಸುತ್ತು ಹಾಕಿ, ಬಿದಿರು ಗಳದಲ್ಲಿ ಎತ್ತಿಕೊಟ್ಟರು. ಇಳಿಯುವಾಗ ಅದಕ್ಕೆ ಅಂತ 200 ಜಾಸ್ತಿ ಕೊಟ್ಟೆವು. ಫೋನ್ ನಂಬರನ್ನೂ ಇಸಿದುಕೊಂಡೆವು.

ರಾತ್ರಿ ಲಾಡ್ಜಿನಲ್ಲಿ ಮಲಗಿದಾಗ ಮಂಚ ತೂಗಿದ ಹಾಗಾಗುತ್ತದೆ. ನಮ್ಮನೆಯವರು ಬಿಪಿ ಇರಬೇಕು ಅಂತ ಎದ್ದು ಮಾತ್ರೆ ಹುಡುಕಿದರು. ಬಿಪಿ ಅಲ್ಲ, ದೋಣಿಯದ್ದು. ಬೆಳಗಾಗುವಷ್ಟರಲ್ಲಿ ಹೋಗುತ್ತದೆ.