ಮುರಕಲ್ಲಿನಿಂದ ಪೋಸ್ಟರಿಗೆ ಸವೆದ ಅಕ್ಷರ ಮಾಡುವುದು ಹೇಗೆ

ಕಬಡ್ಡಿ ಪೋಸ್ಟರಿಗೆ ದಪ್ಪ, ಒರಟು, ಅಲ್ಲಲ್ಲಿ ಸವೆದ ಅಕ್ಷರ ಬೇಕು ಅಂತ ಕ್ಲಬ್ಬಿನ ಹುಡುಗರು ಕೇಳುತ್ತಾರೆ. ಇಂಗ್ಲಿಷಿನಲ್ಲಿ ಅಂಥ ಫಾಂಟ್ ರಾಶಿ ಬಿದ್ದಿವೆ. ಕನ್ನಡಕ್ಕೆ ಹುಡುಕುತ್ತಾ ಕೂರುವ ಬದಲು ನಾವೇ ಮಾಡಿಕೊಳ್ಳುವುದು ಸುಲಭ. ಬೇಕಾದ ಸಾಮಾನು ಕಾಸರಗೋಡಿನಲ್ಲಿ ಎಲ್ಲಿ ನೋಡಿದರೂ ಇದೆ: ಮುರಕಲ್ಲು, ಅಂದರೆ ಗೋಡೆ ಕಟ್ಟುವ ತೂತು ತೂತಾದ ಕೆಂಪು ಕಲ್ಲು.

ಮೊದಲು ಫಾಂಟ್. ಬಾಲೂ ತಮ್ಮ ಅಥವಾ ಅನೇಕ್ ಕನ್ನಡ, ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಪುಕ್ಕಟೆ. ನನಗೆ ಅನೇಕ್ ಇಷ್ಟ, ಯಾಕೆಂದರೆ ತೂಕ (ಅಕ್ಷರದ ದಪ್ಪ) 100ರಿಂದ 800ರವರೆಗೆ ಸಿಗುತ್ತದೆ, ಅಗಲವನ್ನೂ ಹೆಚ್ಚು ಕಡಿಮೆ ಮಾಡಬಹುದು, ಮತ್ತೆ ನಮ್ಮಲ್ಲಿ ಪೋಸ್ಟರ್ ಅಂದರೆ ಮಲಯಾಳವೂ ಬೇಕಲ್ವಾ, ಅದಕ್ಕೆ ಜೋಡಿಯಾಗಿ ಅನೇಕ್ ಮಲಯಾಳಂ ಇದೆ. ಬಾಲೂ ತಮ್ಮನಿಗೂ ಮಲಯಾಳದಲ್ಲಿ ಬಾಲೂ ಚೇಟ್ಟನ್ ಇದ್ದಾನೆ. ಕನ್ನಡದವನು ತಮ್ಮ, ಮಲಯಾಳದವನು ಅಣ್ಣ, ಇರಲಿ ಬಿಡಿ! ತೂಕ 800ಕ್ಕೇ ಇಡಿ. ತೆಳು ಅಕ್ಷರವನ್ನು ಸವೆಸಿದರೆ ಬರೀ ಚುಕ್ಕೆ ಉಳಿಯುತ್ತದೆ.

ಈಗ ಸಾರಣೆ ಮಾಡದ ಮುರಕಲ್ಲಿನ ಗೋಡೆಯ ಫೋಟೋ ತೆಗೆಯಿರಿ. ಬೆಳಿಗ್ಗೆ ಇಲ್ಲವೇ ಸಂಜೆ, ಬಿಸಿಲು ಓರೆಯಾಗಿ ಬಿದ್ದಾಗ ತೆಗೆದರೆ ತೂತುಗಳಲ್ಲಿ ನೆರಳು ತುಂಬಿ ಕಪ್ಪಾಗಿ ಕಾಣುತ್ತವೆ. ಚಿತ್ರ ತಿದ್ದುವ ಗಿಂಪ್ ಎಂಬ ಸಾಫ್ಟ್‌ವೇರಿನಲ್ಲಿ ತೆರೆದು ಥ್ರೆಶೋಲ್ಡ್ ಕೊಡಿ, ಕಪ್ಪು ಬಿಳಿ ಎರಡೇ ಉಳಿಯಬೇಕು. ಹೆಡ್ಡಿಂಗ್ ಟೈಪ್ ಮಾಡಿ, ಆ ಅಕ್ಷರದ ಲೇಯರಿಗೆ ಲೇಯರ್ ಮಾಸ್ಕ್ (ಎಲ್ಲಿ ಕಾಣಬೇಕು, ಎಲ್ಲಿ ಬೇಡ ಅಂತ ಹೇಳುವ ಪರದೆ) ಸೇರಿಸಿ, ಈ ಚಿತ್ರವನ್ನು ಅದರೊಳಗೆ ಪೇಸ್ಟ್ ಮಾಡಿ. ಕಪ್ಪು ಇರುವ ಕಡೆ ಅಕ್ಷರ ಮಾಯ. ಕಲ್ಲಿನ ತೂತೇ ಅಕ್ಷರದ ತೂತು. ಹಳೆಯ ಮರದ ಅಚ್ಚು ಸವೆದು ಶಾಯಿ ಹಿಡಿಯದಿದ್ದಾಗ ಆಗುತ್ತಿದ್ದದ್ದೂ ಹೆಚ್ಚು ಕಡಿಮೆ ಇದೇ. ರೆಡಿ ಫಾಂಟಿನಲ್ಲಿ ಒಂದೇ ಅಕ್ಷರ ಎರಡು ಸಲ ಬಂದರೆ ಗಾಯವೂ ಅದೇ ಜಾಗದಲ್ಲಿ ಬರುತ್ತದೆ, ಕಳ್ಳತನ ಗೊತ್ತಾಗಿಬಿಡುತ್ತದೆ. ಇಲ್ಲಿ ಆ ತಾಪತ್ರಯ ಇಲ್ಲ.

ಎಡವಟ್ಟು ಆಗುವುದು ಮುಂದೆ. ಕನ್ನಡದಲ್ಲಿ ಬ ಮತ್ತು ಭ, ದ ಮತ್ತು ಧ, ಡ ಮತ್ತು ಢ ಇವುಗಳ ಮಧ್ಯೆ ಇರುವುದು ಒಂದು ಸಣ್ಣ ಹೊಟ್ಟೆ ಸೀಳು. ಅದನ್ನೇ ಕಲ್ಲು ತಿಂದರೆ ಮಹಾಪ್ರಾಣ ಹೋಯಿತು, ಇಲ್ಲದ ಕಡೆ ಗೀರು ಬಿದ್ದರೆ ಬೇಡದ ಮಹಾಪ್ರಾಣ ಬಂತು. ಪ ಮತ್ತು ಷ ಬೇರೆಯಾಗುವುದೂ ಒಳಗಿನ ಒಂದೇ ಗೆರೆಯಿಂದ. ನಾನೇ ಒಮ್ಮೆ ‘ಭಾರಿ ಬಹುಮಾನ’ವನ್ನು ‘ಬಾರಿ’ ಮಾಡಿ ಕಳಿಸಿದ್ದೆ, ಊರಿಡೀ ತಮಾಷೆ. ಹಾಗಾಗಿ ಮಾಸ್ಕ್ ಹಾಕಿದ ಮೇಲೆ ಆ ಮಾಸ್ಕಿನೊಳಗೇ ಬಿಳಿ ಬ್ರಷ್ ಹಿಡಿದು ಅಳಿಸಿಹೋದ ಗೆರೆ, ಸೊನ್ನೆ, ಒತ್ತಕ್ಷರ ಇವನ್ನೆಲ್ಲ ಒಂದೊಂದಾಗಿ ವಾಪಸ್ ತುಂಬಿ, ಬೇಡದ ಗೀರನ್ನೂ ಮುಚ್ಚಿ. ಬೇಜಾರಿನ ಕೆಲಸ, ಆದರೆ ಬಿಡುವ ಹಾಗಿಲ್ಲ. ಗಾಯ ಎಲ್ಲ ದಪ್ಪ ಹೊಟ್ಟೆಯ ಮಧ್ಯದಲ್ಲಿರಲಿ.

ಹೆಡ್ಡಿಂಗಿಗೆ ಮಾತ್ರ ಬಳಸಿ. ತಾರೀಕು, ಜಾಗ, ಫೋನ್ ನಂಬರ್ ಸಾದಾ ಅಕ್ಷರದಲ್ಲೇ ಇರಲಿ. ಬ್ರಹ್ಮಕಲಶೋತ್ಸವದ ಆಮಂತ್ರಣಕ್ಕಂತೂ ಬೇಡವೇ ಬೇಡ, ಹೊಸ ಗುಡಿ ಕಟ್ಟಿ ಅಕ್ಷರ ಮಾತ್ರ ಕುಸಿದು ಬೀಳುತ್ತಿದ್ದರೆ ಹೇಗಿರುತ್ತದೆ? ಟೀ ಶರ್ಟಿಗೆ ಸ್ಕ್ರೀನ್ ಪ್ರಿಂಟ್ ಮಾಡಿಸುವುದಾದರೆ ಸಣ್ಣ ತೂತುಗಳನ್ನು ಮುಚ್ಚಿ ದೊಡ್ಡವನ್ನಷ್ಟೇ ಉಳಿಸಿ, ಸಣ್ಣವು ಶಾಯಿ ತುಂಬಿ ಕಟ್ಟಿಕೊಳ್ಳುತ್ತವೆ. ಫ್ಲೆಕ್ಸ್ ಅಂಗಡಿಗೆ ವಾಟ್ಸಾಪ್‌ನಲ್ಲಿ ಫೋಟೋ ಅಂತ ಕಳಿಸಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ.